ಗಾಳಕ್ಕೂ ಒಂದು ಕಟ್ಟಳೆ

ಐರೋಪ್ಯ ಖಂಡದ ಉತ್ತರದ ಅಂಚಿನಲ್ಲಿ, ನಾರ್ವೆ ಮತ್ತು ಫಿನ್ಲೆಂಡ್ ದೇಶಗಳಿಗೆ ಬಹುದೂರದವರೆಗೆ ಗಡಿಯಾಗಿ ಹರಿದು ಬ್ಯಾರೆಂಟ್ಸ್ ಸಮುದ್ರದ ಕಡೆಗೆ ಸಾಗುವ ತಾನಾ ನದಿಯು ಸಾಲ್ಮನ್ ಮೀನಿನ ಗಾಳಗಾರರಿಗೆ ಒಂದು ತೀರ್ಥಕ್ಷೇತ್ರವೆಂದರೆ ಅತಿಶಯೋಕ್ತಿಯಾಗದು. 1928ರಲ್ಲಿ ಹೆನ್ರಿಕ್ ಹೆನ್ರಿಕ್ಸೆನ್ ಎಂಬುವರು ಇಲ್ಲಿ ಹಿಡಿದ, ಸುಮಾರು 36 ಕಿಲೋಗ್ರಾಂ ತೂಗಿದ ಮೀನು, ಗಾಳಕ್ಕೆ ಬಿದ್ದ ಅಟ್ಲಾಂಟಿಕ್ ಸಾಲ್ಮನ್‌ಗಳಲ್ಲೆಲ್ಲ ದೊಡ್ಡದೆಂದು ಇಂದಿಗೂ ಪರಿಗಣಿತವಾಗಿದೆ. ಅಂತಹ ನದಿಯಲ್ಲಿ 2021ರ ಬೇಸಗೆಯಿಂದ ಸಾಲ್ಮನ್ ಹಿಡಿಯುವುದೇ ನಿಷಿದ್ಧವಾಯಿತು. ಅನಂತರದ ಬೇಸಗೆಗಳಲ್ಲಿಯೂ ನಿಷೇಧವು ಮುಂದುವರಿಯಿತು. ವಿನೋದಕ್ಕಾಗಿ ದೂರದೇಶಗಳಿಂದ ಬರುವವನಿಗೂ, ಅನ್ನಕ್ಕಾಗಿ ತಲೆತಲಾಂತರದಿಂದ ದಡದಲ್ಲಿಯೇ ಬಾಳಿದವನಿಗೂ ಒಂದೇ ಆಜ್ಞೆಯಾದುದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಆ ಮೀನಿನ ಜೀವನಕ್ರಮವನ್ನು ಅರಿಯಬೇಕು.

ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ ಉಪ್ಪುನೀರಿನಲ್ಲಿ ಕೊಬ್ಬುವ ಮೀನು. ಶರತ್ಕಾಲದಲ್ಲಿ ಹೆಣ್ಣು ತನ್ನ ಬಾಲದಿಂದ ನದೀತಳದ ನೊರಜುಗಲ್ಲುಗಳನ್ನು ಕೆದರಿ, ಕುಳಿ ಮಾಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಅದರಿಂದ ಹೊರಟ ಮರಿಯು ಆ ಶೀತಲ ಜಲದಲ್ಲಿ ಕೆಲವು ವರ್ಷ ಬೆರಳುದ್ದದ ಪ್ರಾಣಿಯಾಗಿಯೇ ಇದ್ದು, ಒಂದು ವಸಂತದಲ್ಲಿ ಮೈಯೆಲ್ಲ ಬೆಳ್ಳಿಯಾಗಿ ಕಡಲಿಗೆ ಇಳಿಯುತ್ತದೆ. ಅಲ್ಲಿ ಒಂದೋ ಎರಡೋ ಮೂರೋ ಚಳಿಗಾಲಗಳನ್ನು ಕಳೆದು, ಹುಟ್ಟಿದ ನದಿಯನ್ನೇ, ಬಹುಮಟ್ಟಿಗೆ ಹುಟ್ಟಿದ ಉಪನದಿಯನ್ನೇ ಹುಡುಕಿಕೊಂಡು ಹಿಂದಿರುಗುತ್ತದೆ. ಈ ವೃತ್ತಾಂತವೆಲ್ಲ ಅದರ ಹುರುಪೆಯಲ್ಲಿಯೇ ಬರೆದಿರುತ್ತದೆ: ಬೆರಳ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕದಾದ ಒಂದು ಹುರುಪೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ನದಿಯಲ್ಲಿ ಕಳೆದ ಬಡತನದ ವರ್ಷಗಳು ಒತ್ತೊತ್ತಾದ ಉಂಗುರಗಳಾಗಿಯೂ ಕಡಲಿನ ಸಮೃದ್ಧಿಯು ಅಗಲವಾದ ಉಂಗುರಗಳಾಗಿಯೂ ಕಾಣುತ್ತವೆ. ಆದಕಾರಣವೇ ಗಾಳಗಾರನು ತಾನು ಹಿಡಿದ ಮೀನಿನ ಕೆಲವು ಹುರುಪೆಗಳನ್ನು ಲಕೋಟೆಯಲ್ಲಿಟ್ಟು ಸಂಶೋಧಕರಿಗೆ ಕೊಡುವ ಪದ್ಧತಿ ಆ ನಾಡುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ.

ಬೇಸಗೆಯ ನದಿಯ ಸ್ಥಿತಿ ವಾರದಿಂದ ವಾರಕ್ಕೆ ಬೇರೆ. ಮೇ ತಿಂಗಳಲ್ಲಿ ಹೆಪ್ಪುಗಟ್ಟಿದ ಹೊಳೆಯು ಒಡೆದು, ಬೆಟ್ಟಗಳ ಹಿಮವು ಕರಗಿ, ಜೂನ್ ಆರಂಭದವರೆಗೂ ಕೆನ್ನೀರಿನ ನೆರೆಯು ದಡ ತುಂಬಿ ಹರಿಯುತ್ತದೆ. ಕಡಲಿನಲ್ಲಿ ಹಲವು ವರ್ಷ ಬೆಳೆದ ಭಾರಿ ಮೀನುಗಳು ಏರತೊಡಗುವುದು ಈ ಕಾಲದಲ್ಲಿಯೇ. ನೀರು ಇಳಿದು ತಿಳಿಯಾದ ಜುಲೈಯಲ್ಲಿ ಒಂದೇ ಚಳಿಗಾಲವನ್ನು ಕಡಲಿನಲ್ಲಿ ಕಳೆದ ಸಣ್ಣ ಮೀನುಗಳ ತಂಡಗಳು ಬರುತ್ತವೆ. ಜುಲೈ ಕೊನೆಯವರೆಗೆ ಅಲ್ಲಿ ಸೂರ್ಯನು ಮುಳುಗುವುದೇ ಇಲ್ಲವಾದುದರಿಂದ, ಹಗಲು ಮಲಗಿ, ಬಿಸಿಲು ಓರೆಯಾಗುವ ನಡುರಾತ್ರಿಯಲ್ಲಿ ಗಾಳ ಹಾಕುವುದು ಅನುಭವಿಗಳ ರೂಢಿ. ವಿಚಿತ್ರವೆಂದರೆ, ನದಿಗೆ ಬಂದ ಸಾಲ್ಮನ್ ಆಹಾರವನ್ನು ಮುಟ್ಟುವುದಿಲ್ಲ. ಕಡಲಿನಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಮೊಟ್ಟೆಯಿಡುವವರೆಗೆ ಬದುಕುತ್ತದೆ. ಆದರೂ ಕೊಕ್ಕೆಗೆ ಕಟ್ಟಿದ ಬಣ್ಣದ ಗರಿಯನ್ನೋ ತಗಡಿನ ಹೊಳಪನ್ನೋ ಕಂಡು ಒಮ್ಮೊಮ್ಮೆ ಎರಗುತ್ತದೆ. ಈ ಕ್ರೀಡೆಯೆಲ್ಲವೂ ನಿಂತಿರುವುದು ಹಸಿವಿಲ್ಲದ ಮೀನಿನ ಆ ಒಂದು ಕ್ಷಣದ ಕೆರಳಿಕೆಯ ಮೇಲೆ! ಹಿಡಿದ ಮೀನಿನ ಹಿಂಬದಿಗೆ ಕಂದು ಬಣ್ಣದ ಕಡಲ ಹೇನುಗಳು ಅಂಟಿಕೊಂಡಿದ್ದರೆ, ಅದು ಕಡಲನ್ನು ಬಿಟ್ಟು ಕೆಲವೇ ದಿನಗಳಾದುವೆಂದು ಅರ್ಥ. ಸಿಹಿನೀರಿನಲ್ಲಿ ಆ ಹೇನು ಬಹಳ ದಿನ ನಿಲ್ಲಲಾರದು.

ಇವೆಲ್ಲಕ್ಕಿಂತ ಮುಖ್ಯವಾದುದು ನೀರಿನ ಉಷ್ಣತೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವು ಕಡಿಮೆಯಾಗುವುದರಿಂದ, 20 ಡಿಗ್ರಿಯ ಸಮೀಪಕ್ಕೆ ಬಂದ ಹೊಳೆಯಲ್ಲಿ ಮೀನು ಆಳವಾದ ಮಡುಗಳನ್ನು ಸೇರಿ ಜಡವಾಗಿ ನಿಲ್ಲುತ್ತದೆ. ಅಂತಹ ವೇಳೆಯಲ್ಲಿ ಗಾಳಕ್ಕೆ ಸಿಕ್ಕಿ, ಸೆಣಸಿ, ದಣಿದುದನ್ನು ಎಷ್ಟೇ ದಯೆಯಿಂದ ಹಿಂದಕ್ಕೆ ಬಿಟ್ಟರೂ ಅದು ಬದುಕುವ ಸಂಭವವು ಕುಗ್ಗುತ್ತದೆ. ತಣ್ಣೀರಿನಲ್ಲಾದರೆ, ಮೀನನ್ನು ನೀರಿನಿಂದ ಮೇಲೆತ್ತದೆ, ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿ, ಹರಿವಿಗೆ ಎದುರಾಗಿ ಹಿಡಿದುಕೊಂಡಿದ್ದು ಅದು ತಾನಾಗಿಯೇ ಈಜಿಹೋಗುವವರೆಗೆ ಕಾಯ್ದರೆ, ಬಹುಪಾಲು ಉಳಿಯುತ್ತದೆ.

ನಿಯಮಗಳ ವಿಷಯಕ್ಕೆ ಬಂದರೆ, ನಾರ್ವೆಯ 1992ರ ಕಾಯಿದೆಯ ಮೂಲಸೂತ್ರವು ಗಮನಾರ್ಹವಾದುದು: ಕಡಲಿನಿಂದ ನದಿಗೇರುವ ಈ ಜಾತಿಯ ಮೀನನ್ನು ಹಿಡಿಯುವುದು ನಿಷಿದ್ಧ, ಎಲ್ಲಿ ಯಾವಾಗ ಹಿಡಿಯಬಹುದೆಂದು ಸರಕಾರವು ತೆರೆಯುತ್ತದೆಯೋ ಅಲ್ಲಿ ಮಾತ್ರ ಹಿಡಿಯಬಹುದು. ಅನುಮತಿಯೇ ಅಪವಾದ, ನಿಷೇಧವೇ ನಿಯಮ. ಪ್ರತಿ ನದಿಗೂ ಮೊಟ್ಟೆಯ ಲೆಕ್ಕವೊಂದುಂಟು. ಒಂದು ಕಿಲೋಗ್ರಾಂ ತೂಕದ ಹೆಣ್ಣುಮೀನಿಗೆ ಸುಮಾರು 1450 ಮೊಟ್ಟೆ ಎಂದು ಹಿಡಿದು, ಆ ನದಿಯ ಕಲ್ಲುಹಾಸನ್ನೆಲ್ಲ ತುಂಬಲು ಎಷ್ಟು ತಾಯಿಮೀನು ಬೇಕೆಂದು ಗಣಿಸಿ, ಅದು ಉಳಿದ ಮೇಲೆ ಮಿಕ್ಕಿದ್ದಷ್ಟೇ ಗಾಳಗಾರನ ಪಾಲು. ಅವನು ಸರಕಾರಕ್ಕೆ ಒಂದು ಶುಲ್ಕವನ್ನೂ ದಡದ ಒಡೆಯನಿಗೆ ಇನ್ನೊಂದನ್ನೂ ತೆರಬೇಕು. ಬೇರೆ ಹೊಳೆಯಲ್ಲಿ ಮಿಂದ ಬೂಟು, ಕೈಬಲೆ, ಕೋಲುಗಳನ್ನು ಪೂರ್ತಿ ಒಣಗಿಸಬೇಕು, ಇಲ್ಲವೆ ಔಷಧಿಯಲ್ಲಿ ತೊಳೆಯಬೇಕು. ಈ ಕಡೆಯ ನಿಯಮವನ್ನು ಕಂಡು ನಗುವಂತಿಲ್ಲ. 1970ರ ದಶಕದಲ್ಲಿ ಬಾಲ್ಟಿಕ್ ಕಡೆಯಿಂದ ಮರಿಮೀನುಗಳ ಜೊತೆಗೆ ನಾರ್ವೆಗೆ ಬಂದ ಅರ್ಧ ಮಿಲಿಮೀಟರ್ ಉದ್ದದ ಒಂದು ಪರೋಪಜೀವಿಯು ಹಲವು ನದಿಗಳ ಮರಿಗಳನ್ನು ನಿರ್ನಾಮಮಾಡಿತು. ಅದನ್ನು ತೊಲಗಿಸಲು ಇಡೀ ನದಿಗಳಿಗೇ ವಿಷಹಾಕಿ, ಮೀನೆಲ್ಲವನ್ನೂ ಕೊಂದು, ಮತ್ತೆ ಮೊದಲಿನಿಂದ ಬಿತ್ತಬೇಕಾಯಿತು.

ಇಷ್ಟೆಲ್ಲ ಎಚ್ಚರದ ನಡುವೆಯೂ ಮೀನು ಕಡಿಮೆಯಾಗುತ್ತಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2023ರಲ್ಲಿ, 2006ರಿಂದ 2020ರವರೆಗೆ ಲೋಕದ ಅಟ್ಲಾಂಟಿಕ್ ಸಾಲ್ಮನ್ ಸಂಖ್ಯೆಯು ಶೇಕಡ 23ರಷ್ಟು ಇಳಿಯಿತೆಂದು ಹೇಳಿ, ಅದನ್ನು ಅಪಾಯದ ಅಂಚಿನ ಪಟ್ಟಿಗೆ ಸೇರಿಸಿತು. ಕಾದ ಕಡಲು, ಕಡಲಿನ ಪಂಜರಗಳಲ್ಲಿ ಸಾಕುವ ಮೀನುಗಳಿಂದ ಹಬ್ಬುವ ಹೇನು, ತಪ್ಪಿಸಿಕೊಂಡ ಸಾಕುಮೀನಿನೊಡನೆ ಕಾಡುಮೀನಿನ ಬೆರಕೆ, ಇವೆಲ್ಲವೂ ಕಾರಣಗಳು. ಇವುಗಳಲ್ಲಿ ಯಾವುದನ್ನೂ ಗಾಳಗಾರನು ಮಾಡಿದುದಲ್ಲ. 2024ರ ಜೂನ್ 23ರಂದು, ಋತುವು ಆರಂಭವಾಗಿ ಕೆಲವೇ ವಾರಗಳಾಗಿದ್ದಾಗ, ನಾರ್ವೆಯು 33 ನದಿಗಳನ್ನು ಒಮ್ಮೆಲೇ ಮುಚ್ಚಿತು.

ತಾನಾದಲ್ಲಿ ಈ ನಿಷ್ಠುರತೆಯ ಹೆಚ್ಚಿನ ಭಾರವನ್ನು ಹೊತ್ತವರು ಸಾಮಿ ಜನರು. ಬಲೆಯನ್ನು ಹರಿವಿನೊಡನೆ ತೇಲಬಿಟ್ಟು ಹಿಡಿಯುವ, ಗೂಟ ನೆಟ್ಟು ಒಡ್ಡುಕಟ್ಟಿ ಹಿಡಿಯುವ ವಿದ್ಯೆಯು ತಂದೆಯ ದೋಣಿಯಲ್ಲಿ ಕುಳಿತೇ ಮಕ್ಕಳಿಗೆ ಬರಬೇಕಾದುದು. ಬಲೆ ಬೀಸದ ಬೇಸಗೆಗಳು ಕಳೆದಂತೆಲ್ಲ ಅದು ಮರೆತುಹೋಗುವ ಭೀತಿ ಅವರದು. ವಿನೋದದ ಗಾಳಕ್ಕೂ ಹೊಟ್ಟೆಯ ಬಲೆಗೂ ಒಂದೇ ತಕ್ಕಡಿ ಹಿಡಿದುದು ನ್ಯಾಯವೆಂದು ನನಗೂ ತೋರುವುದಿಲ್ಲ. ಅದರ ಮೇಲೆ ಇನ್ನೊಂದು ಕೀಟಲೆ: ಸೋವಿಯತ್ ಕಾಲದಲ್ಲಿ ಶಾಂತಸಾಗರದಿಂದ ತಂದು ರಷ್ಯದ ಕೋಲಾ ಪ್ರಾಂತದ ನದಿಗಳಿಗೆ ಬಿಟ್ಟ ಗುಲಾಬಿ ಸಾಲ್ಮನ್, 2017ರಿಂದೀಚೆಗೆ ಬೆಸ ಸಂಖ್ಯೆಯ ವರ್ಷಗಳಲ್ಲೆಲ್ಲ ಈ ಹೊಳೆಗಳಿಗೆ ದಂಡೆತ್ತಿ ಬರುತ್ತಿದೆ, ಅದನ್ನು ತಡೆಯಲು ಅನೇಕ ನದಿಗಳಿಗೆ ಅಡ್ಡಲಾಗಿ ಬೋನು ಕಟ್ಟುತ್ತಾರೆ.

ಆಸ್ಲೋ, ಹೆಲ್ಸಿಂಕಿಗಳಲ್ಲಿ ನೆಲೆಸಿ, ರಜೆಗೆ ಉತ್ತರಕ್ಕೆ ಹೊರಡುವ ನಮ್ಮ ಕನ್ನಡಿಗರಿಗೆ ಒಂದು ಮಾತು: ಕೋಲನ್ನು ಕೊಳ್ಳುವ ಮೊದಲು ಆ ವರ್ಷದ, ಆ ನದಿಯ ಪ್ರಕಟಣೆಯನ್ನು ಓದಿಕೊಳ್ಳಿ, ಹಿಂದಿನ ವರ್ಷದ್ದನ್ನು ನಂಬಬೇಡಿ, ನೀರು 20 ಡಿಗ್ರಿ ಮುಟ್ಟಿದ ದಿನ, ಕಾಗದದಲ್ಲಿ ಅನುಮತಿಯಿದ್ದರೂ, ಗಾಳವನ್ನು ಹೊಳೆಗೆ ಇಳಿಸಬೇಡಿ.