ಗಾಳವಿಲ್ಲದ ಗಾಳಿಬೋರೆ

ಕನಕಪುರ ದಾಟಿ ಸಂಗಮಕ್ಕೆ ಹೋದವರು ಅರ್ಕಾವತಿ ಕಾವೇರಿಯನ್ನು ಸೇರುವುದನ್ನು ನೋಡಿ ಮೇಕೆದಾಟಿನತ್ತ ನಡೆಯುತ್ತಾರೆ. ಸಮೀಪದ ಗಾಳಿಬೋರೆ ಅಷ್ಟು ಪರಿಚಿತವಲ್ಲ. ಹೊಳೆಮತ್ತಿ ಮರಗಳ ನೆರಳಿನಲ್ಲಿ ಡೇರೆಗಳಿರುವ ಈ ನದೀತೀರದ ಶಿಬಿರ ಒಂದು ಕಾಲಕ್ಕೆ ಹೆಸರಾದದ್ದು ಮಹಸೀರ್ ಮೀನಿನಿಂದ.

ನಮ್ಮ ಜನ 'ಬಿಳಿ ಮೀನು' ಎನ್ನುವ ಮಹಸೀರ್ ಸಾಮಾನ್ಯದ್ದಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡ್ ತೂಗಿತ್ತು! ಶಿಬಿರದಲ್ಲಾದರೋ ಹಿಡಿದದ್ದನ್ನು ತೂಗಿ, ಫೋಟೊ ತೆಗೆದು, ಮರಳಿ ಹೊಳೆಗೇ ಬಿಡಬೇಕಿತ್ತು. ಬದುಕಿರುವ ಮೀನಿಗೆ ಬೆಲೆ ಬಂದದ್ದರಿಂದ ಸಿಡಿಮದ್ದು ಹಾಕಿ ಮೀನು ಕೊಲ್ಲುವವರ ಮೇಲೆ ಕಣ್ಗಾವಲೂ ಇತ್ತು.

ಆದರೆ ಇದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ನೆಲ. ವನ್ಯಧಾಮದೊಳಗೆ ಹಿಡಿದು ಬಿಡುವುದಕ್ಕೂ ಕಾಯಿದೆಯಲ್ಲಿ ಜಾಗವಿಲ್ಲವೆಂದಾಗಿ ಗಾಳ ನಿಂತಿತು. ಮೀನಿನ ಸಂಕಟ ಅದರಿಂದ ನೀಗಲಿಲ್ಲ. ಅಣೆಕಟ್ಟು, ಮರಳು ಗಣಿಗಾರಿಕೆ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್, ಎಲ್ಲವೂ ಕಾವೇರಿಯ ಡುಬ್ಬದ ಮಹಸೀರ್‌ಗೆ ಮುಳುವಾದವು. 2018ರಲ್ಲಿ ಅದರ ವೈಜ್ಞಾನಿಕ ಹೆಸರು 'ಟಾರ್ ರೆಮಾದೇವಿಯೈ' ಎಂದು ಖಚಿತವಾಯಿತು. ಅದೇ ವರ್ಷ ಅಳಿವಿನಂಚಿನ ಪಟ್ಟಿಗೂ ಸೇರಿತು.

ಈಗ ಶಿಬಿರಕ್ಕೆ ಹೋಗುವವರು ಹರಿಗೋಲು ಏರುತ್ತಾರೆ, ಹಕ್ಕಿ ನೋಡುತ್ತಾರೆ. ಗಾಳಗಾರರಿದ್ದಾಗಿನ ಕಾವಲಿಗೆ ಬದಲಿ ಕಾವಲು ಬೇಕೆಂಬುದನ್ನು ಮರೆಯಬಾರದು.