ಕಲ್ನಾರಿನ ಧೂಳು: ಕೆಲಸ ಬಿಟ್ಟರೂ ಬಿಡದ ಕಾಯಿಲೆ



ಮಳೆ ಕೈಕೊಟ್ಟ ವರ್ಷ ಸೊಕ್ಕೆ ಮತ್ತು ಸುತ್ತಲಿನ ಹಳ್ಳಿಗಳಿಂದ ಜನ ದುಡಿಮೆ ಹುಡುಕಿಕೊಂಡು ಗುಳೆ ಹೋಗುವುದು ನಮಗೆ ಹೊಸದಲ್ಲ. ಕೆಲವರು ಕಟ್ಟಡ ಕೆಲಸಕ್ಕೆ, ಕೆಲವರು ಇಟ್ಟಿಗೆ, ಶೀಟು, ಪೈಪು ಮಾಡುವ ಕಡೆಗೆ ಹೋಗ್ತಾರೆ. ಕೂಲಿ ಎಷ್ಟು, ಊಟ ಹೆಂಗೆ ಅಂತ ನಾವು ಕೇಳ್ತೀವಿ. ಅಲ್ಲಿ ಏಳುವ ಧೂಳು ಯಾವುದು ಅಂತ ಮಾತ್ರ ಕೇಳೋದಿಲ್ಲ. ಈ ಸಲ ಅದನ್ನು ತಿಳಿಯೋಣ.

ಕಲ್ನಾರು ಎಂದರೇನು?

ಹೆಸರೇ ಹೇಳುವಂತೆ ಇದು ಕಲ್ಲಿನ ನಾರು. ನಾವು ಆಸ್ಬೆಸ್ಟಾಸ್ ಅಂತ ಕರೆಯುವುದು ಇದನ್ನೇ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ಹಿಂದೆ ನಮ್ಮ ರಾಜ್ಯದ ಹೊಳೆನರಸೀಪುರದ ಸುತ್ತಲೂ ಇದನ್ನು ಅಗೆದು ತೆಗೆಯುತ್ತಿದ್ದರು. ಈಗ ಕಾರ್ಖಾನೆಗಳು ರಷ್ಯಾ, ಬ್ರೆಜಿಲ್, ಕಜಕಸ್ತಾನದಂಥ ದೇಶಗಳಿಂದ ಚೀಲಗಳಲ್ಲಿ ತರಿಸುತ್ತವೆ. ಮಣ್ಣಿನ ಗೋಡೆ ಬಿರುಕು ಬಿಡಬಾರದೆಂದು ನಾವು ಹುಲ್ಲು ಕಲಸುತ್ತೇವಲ್ಲ, ಹಾಗೆಯೇ ಸಿಮೆಂಟಿಗೆ ಈ ನಾರು ಕಲಸಿ ಮನೆ ಮೇಲೆ ಹಾಕುವ ಶೀಟು ಮಾಡುತ್ತಾರೆ. ನೂರು ಕೆಜಿ ಶೀಟಿನಲ್ಲಿ ಕಲ್ನಾರು ಸುಮಾರು 8ರಿಂದ 10 ಕೆಜಿ ಇರುತ್ತದೆ. ಹರಿಹರದ ಬಳಿಯ ಕರೂರು ಕೈಗಾರಿಕಾ ಪ್ರದೇಶದಲ್ಲೂ ಇಂಥ ಶೀಟು ತಯಾರಾಗುತ್ತದೆ.

ಅಪಾಯ ಎಲ್ಲಿದೆ?

ಗಟ್ಟಿಯಾಗಿರುವ ಶೀಟಿನಿಂದ ಅಷ್ಟು ಭಯವಿಲ್ಲ. ಭಯ ಇರುವುದು ಧೂಳಿನಿಂದ. ಚೀಲ ಒಡೆದು ಸುರಿಯುವಾಗ, ಕಲಸುವಾಗ, ಒಣ ಶೀಟನ್ನು ಕೊಯ್ಯುವಾಗ, ತೂತು ಹಾಕುವಾಗ, ನೆಲ ಗುಡಿಸುವಾಗ ನಾರಿನ ಎಳೆಗಳು ಗಾಳಿಗೆ ಏಳುತ್ತವೆ. ಇವು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣವು, ಕಣ್ಣಿಗೆ ಕಾಣುವುದಿಲ್ಲ. ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತವೆ. ದೇಹ ಇವನ್ನು ಕರಗಿಸಲಾರದು. ಅವು ಕೂತ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತಾ ಬರುತ್ತದೆ. ಇದೇ ಆಸ್ಬೆಸ್ಟೋಸಿಸ್. ಏದುಸಿರು, ಒಣಕೆಮ್ಮು, ಎದೆ ಬಿಗಿತ ಇದರ ಲಕ್ಷಣ. ಶ್ವಾಸಕೋಶದ ಕ್ಯಾನ್ಸರ್ ಮತ್ತು ಅದರ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಕೂಡ ಬರಬಹುದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹಲವು ಪಟ್ಟು.

ಇವು ಸಾಮಾನ್ಯವಾಗಿ ಕೂಡಲೇ ಬರುವುದಿಲ್ಲ. ಹತ್ತು, ಇಪ್ಪತ್ತು, ನಲವತ್ತು ವರ್ಷದ ನಂತರವೂ ಬರಬಹುದು. ಇಪ್ಪತ್ತರ ಹುಡುಗ ಉಸಿರಾಡಿದ ಧೂಳು ಅವನು ಐವತ್ತಾದಾಗ ಕಾಡುತ್ತದೆ. ಅಷ್ಟೊತ್ತಿಗೆ ಕೆಲಸ ಬಿಟ್ಟು ಎಷ್ಟೋ ಕಾಲ ಆಗಿರ್ತದೆ, ಗುತ್ತಿಗೆದಾರ ಎಲ್ಲಿದ್ದಾನೋ ಗೊತ್ತಿರೋದಿಲ್ಲ. ಕೆಮ್ಮು ನೋಡಿ ಟಿ.ಬಿ. ಇರಬೇಕು ಅಂದುಕೊಂಡು ಸುಮ್ಮನಾಗುವುದೂ ಉಂಟು.

ಮನೆಯವರಿಗೂ ಬರುತ್ತದೆಯೇ?

ಕಾಯಿಲೆ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಆದರೆ ಧೂಳು ಬಟ್ಟೆಯಲ್ಲಿ ಅಂಟಿಕೊಂಡು ಮನೆಗೆ ಬರುತ್ತದೆ. ಇಟಲಿ ದೇಶದ ಕಸಾಲೆ ಮೊನ್ಫೆರಾತೊ ಎಂಬ ಪಟ್ಟಣದಲ್ಲಿ 1907ರಿಂದ 1986ರವರೆಗೆ ಕಲ್ನಾರು ಸಿಮೆಂಟಿನ ದೊಡ್ಡ ಕಾರ್ಖಾನೆ ಇತ್ತು. ಅಲ್ಲಿನ ರೊಮಾನಾ ಬ್ಲಾಸೊತ್ತಿ ಪಾವೆಸಿ ಎಂಬ ತಾಯಿ ಮೆಸೊಥೆಲಿಯೋಮಾಗೆ ತನ್ನ ಗಂಡ, ಸಹೋದರಿ, ಮಗಳು ಸೇರಿ ಕುಟುಂಬದ ಐದು ಜನರನ್ನು ಕಳೆದುಕೊಂಡರು. ಕಾರ್ಖಾನೆಯಲ್ಲಿ ದುಡಿದವರು ಗಂಡ ಒಬ್ಬರೇ. ರೊಮಾನಾ ಮನೆಯಲ್ಲಿ ಅಳುತ್ತಾ ಕೂರಲಿಲ್ಲ. ನೊಂದ ಕುಟುಂಬಗಳ ಸಂಘದ ಅಧ್ಯಕ್ಷೆಯಾಗಿ ವರ್ಷಗಟ್ಟಲೆ ಹೋರಾಡಿದರು. 1992ರಲ್ಲಿ ಇಟಲಿ ಕಲ್ನಾರನ್ನು ನಿಷೇಧಿಸಿತು. ಅವರು 2024ರಲ್ಲಿ ತೀರಿಕೊಂಡರು.

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಶೀಟು ತಯಾರಿಕೆಗೆ ನಿಷೇಧವಿಲ್ಲ. ಆದರೆ 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದಿತು. ಪ್ರತಿ ಕಲ್ನಾರು ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಮಾಲೀಕರು ಇಡಬೇಕು ಎಂದಿತು. ಕಾರ್ಮಿಕರಿಗೆ ವಿಮೆ ಇರಬೇಕು, ಕಾಯಿಲೆ ಖಚಿತವಾದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದೂ ಹೇಳಿತು. ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಆಸ್ಬೆಸ್ಟೋಸಿಸ್ ಇದೆ. 1948ರ ಕಾರ್ಖಾನೆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅದು ಉಳಿದಿದೆ.

ಹಕ್ಕು ಇದೆ, ಸರಿ. ಆದರೆ ಮೂವತ್ತು ವರ್ಷದ ಮೇಲೆ "ನಾನು ಅಲ್ಲಿ ದುಡಿದಿದ್ದೆ" ಅಂತ ತೋರಿಸಲು ಕೈಯಲ್ಲಿ ಕಾಗದ ಬೇಕು. ಲೆಕ್ಕ, ಪುಸ್ತಕ ಜೋಪಾನ ಮಾಡುವುದನ್ನು ಸಂಘದ ಸದಸ್ಯರಾದ ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ನಾವು ಮಾಡಬೇಕಾದದ್ದು:

1. ಕೆಲಸದ ಬಟ್ಟೆಯನ್ನು ಕಾರ್ಖಾನೆಯಲ್ಲೇ ಬದಲಿಸಲಿ, ಅಲ್ಲೇ ಒಗೆಯುವ ವ್ಯವಸ್ಥೆ ಕೇಳಲಿ. ಮನೆಗೆ ತಂದರೆ ಕೊಡವಬೇಡಿ, ಒಣಗಿದ್ದನ್ನು ಉಜ್ಜಬೇಡಿ. ಹೊರಗಡೆಯೇ ನೀರಲ್ಲಿ ಅದ್ದಿ, ಬೇರೆಯಾಗಿ ಒಗೆಯಿರಿ.

2. ಸ್ನಾನ ಮಾಡದೆ ಮಕ್ಕಳನ್ನು ಎತ್ತಿಕೊಳ್ಳಬಾರದು. ಮೂಗಿಗೆ ಟವೆಲ್ ಕಟ್ಟಿದರೆ ಈ ಧೂಳು ನಿಲ್ಲುವುದಿಲ್ಲ. ಸರಿಯಾದ ಮಾಸ್ಕನ್ನು ಮಾಲೀಕರೇ ಕೊಡಬೇಕು.

3. ಮನೆಯ ಹಳೇ ಶೀಟನ್ನು ಒಡೆದು ಪುಡಿ ಮಾಡಬೇಡಿ. ತೆಗೆಯಲೇಬೇಕಾದರೆ ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಿ. ಚೂರುಗಳಲ್ಲಿ ಮಕ್ಕಳು ಆಡದಿರಲಿ.

4. ಕಾರ್ಖಾನೆಯ ಹೆಸರು, ಗುತ್ತಿಗೆದಾರನ ಹೆಸರು, ಸೇರಿದ ಮತ್ತು ಬಿಟ್ಟ ತಾರೀಖು, ಮಾಡಿದ ಕೆಲಸ ಬರೆದಿಡಿ. ಸಂಬಳದ ಚೀಟಿ, ಗುರುತಿನ ಚೀಟಿ, 10 ಅಂಕಿಯ ಇಎಸ್‌ಐ ನಂಬರು, 12 ಅಂಕಿಯ ಪಿ.ಎಫ್. ನಂಬರು, ಎಕ್ಸ್‌ರೇ ಎಲ್ಲವನ್ನೂ ಒಂದೇ ಚೀಲದಲ್ಲಿಡಿ.

5. ಕೆಮ್ಮು, ಏದುಸಿರು ಬಂದರೆ ಡಾಕ್ಟರ ಹತ್ತಿರ "ಇಂಥ ವರ್ಷ ಕಲ್ನಾರಿನ ಧೂಳಿನಲ್ಲಿ ದುಡಿದಿದ್ದರು" ಅಂತ ಮೊದಲೇ ಹೇಳಿ. ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ ಕೇಳಿ. ವಿಮೆ ಇದ್ದವರು ದಾವಣಗೆರೆಯ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಯಾರ ಮನೆಯಿಂದ ಯಾರು, ಯಾವ ಕಾರ್ಖಾನೆಗೆ, ಯಾವ ವರ್ಷ ಹೋಗಿದ್ದರು ಎಂದು ಕೇಳಿ ಸಂಘದ ಪುಸ್ತಕದಲ್ಲಿ ಒಂದು ಪುಟ ಬರೆದಿಡಿ. ಕೆಲಸ ಬಿಟ್ಟು ಬಂದವರನ್ನೂ, ಆ ಬಟ್ಟೆ ಒಗೆದವರನ್ನೂ ಮರೆಯಬೇಡಿ.