ಕೋಳಿಮರಿಗೂ ಜ್ವರ ಬರುತ್ತದೆಯೇ?

ನಮ್ಮ ಗಿರಿರಾಜ ಕೋಳಿಮರಿಗಳು ಕಾಯಿಲೆ ಬಿದ್ದರೆ ಪುಕ್ಕ ಉಬ್ಬಿಸಿಕೊಂಡು ದಿನವಿಡೀ ತೂಕಡಿಸುತ್ತವೆ. ಅವಕ್ಕೂ ಜ್ವರ ಬರುತ್ತದೆಯೇ? — ಓದುಗರೊಬ್ಬರು, ಮುಂಡರಗಿ

ಬರುತ್ತದೆ. ಆದರೆ ಮುಟ್ಟಿ ನೋಡಿ ಹೇಳುವುದು ಕಷ್ಟ. ಆರೋಗ್ಯವಾಗಿರುವ ದೊಡ್ಡ ಕೋಳಿಯ ಮೈಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್; ನಮಗಾದರೆ ಅದು ಆಸ್ಪತ್ರೆಗೆ ಓಡಬೇಕಾದ ಜ್ವರ!

ಇ. ಕೋಲಿ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ. ಅದು ರಕ್ತ ಸೇರಿದರೆ ಮರಿಯ ರಕ್ಷಣಾ ಕೋಶಗಳು ಸಂದೇಶ ಒಯ್ಯುವ ಸೈಟೊಕೈನ್‌ಗಳನ್ನು ಹೊರಬಿಡುತ್ತವೆ. ಇವುಗಳ ಪ್ರಚೋದನೆಯಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗಿ, ಮಿದುಳಿನ ಹೈಪೊಥಾಲಮಸ್ ಕಾಯ್ದುಕೊಳ್ಳುವ ತಾಪದ ಮಟ್ಟವನ್ನೇ ಏರಿಸುತ್ತದೆ. ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ರೇಷ್ಮೆಯಿಂದ ಹತ್ತಿಗೆ ತಿರುಗಿಸಿದಂತೆ: ಪೆಟ್ಟಿಗೆ ಬಿಸಿಯಾಗಿಯೇ ಇದ್ದರೂ ಹೊಸ ಮಟ್ಟ ಮುಟ್ಟುವ ತನಕ ಅದರ ದೀಪ ಆರುವುದಿಲ್ಲ. ಮರಿಗೂ ಹಾಗೆಯೇ, ಮೈ ಬೆಚ್ಚಗಿದ್ದರೂ ಚಳಿ. ಪುಕ್ಕ ಉಬ್ಬಿಸಿ ಗಾಳಿಯ ಪದರ ಹಿಡಿದಿಡುತ್ತದೆ, ನಡುಗುತ್ತದೆ, ಮರಿಗಳನ್ನು ಬೆಚ್ಚಗಿಡುವ ಬ್ರೂಡರಿನ ಬಲ್ಬಿನ ಕೆಳಗೆ ನುಸುಳುತ್ತದೆ.

ತೂಕಡಿಕೆಗೂ ಅದೇ ಸೈಟೊಕೈನ್‌ಗಳೇ ಕಾರಣ. ಅವು ಮಿದುಳಿನ ನಿದ್ರೆಯ ವ್ಯವಸ್ಥೆಯನ್ನೂ ತಟ್ಟುತ್ತವೆ, ಹಸಿವನ್ನೂ ಕೊಲ್ಲುತ್ತವೆ. ಮೈ ಕಾಯಿಸುವುದು ದುಬಾರಿ ಕೆಲಸ. ಓಡಾಟ, ಕೆದಕಾಟ ನಿಂತರೆ ಆ ಶಕ್ತಿ ಸೋಂಕಿನ ವಿರುದ್ಧದ ಹೋರಾಟಕ್ಕೆ ಸಿಗುತ್ತದೆ.

ಎಳೆಯ ಮರಿಗಳ ಪಾಡು ಮಾತ್ರ ಬೇರೆ. ಮೊದಲ ಎರಡು ಮೂರು ವಾರ ಅವಕ್ಕೆ ತಮ್ಮ ಮೈಬಿಸಿಯನ್ನು ಪೂರ್ತಿ ಕಾಪಾಡಿಕೊಳ್ಳಲು ಬಾರದು. ನಂಜು ಹೆಚ್ಚಾದರೆ ಜ್ವರ ಏರುವ ಬದಲು ಮೈ ತಣ್ಣಗಾಗುವುದೂ ಉಂಟು. ಹಾಗಾಗಿ ಡಿಸೆಂಬರಿನ ಚಳಿಯಲ್ಲಿ ಬ್ರೂಡರ್ ಆರದಂತೆ ನೋಡಿಕೊಳ್ಳಿ. ಮೊದಲ ವಾರ ಅದರ ಕೆಳಗೆ ಸುಮಾರು 35 ಡಿಗ್ರಿ ಇರಲಿ, ತೂಕಡಿಸುವ ಮರಿಗಳನ್ನು ಬೇರೆ ಮಾಡಿ ಪಶುವೈದ್ಯರಿಗೆ ತೋರಿಸಿ.